ಮಾವನ ಉರುಳೆ, ಹತ್ತಿಯ ಮೋಡ

"ಎಂಟು ದಿನ ಇಟ್ಕ. ಮುಂದಿನ ಸೋಮವಾರ ಗುಜರಿಯವನು ಬತ್ತಾನೆ. ಅವತ್ತು ಮಾತ್ರ ಸಬೂಬು ಹೇಳ್ಬ್ಯಾಡ" ಎಂದು ನನ್ನ ಸೋದರಮಾವ ಅಟ್ಟದಿಂದ ಉರುಳೆಯನ್ನು ಇಳಿಸಿ ನನ್ನ ತೊಡೆಯ ಮೇಲಿಟ್ಟ. ಹಳೇ ಪಂಚೆಯಲ್ಲಿ ಸುತ್ತಿದ್ದರು. ಎಳೆಗೂಸಿನಷ್ಟು ತೂಕ. ಹೊಸದುರ್ಗದ ಆ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗಳನ್ನೆಲ್ಲ ಕಳೆದಿದ್ದೇನೆ. ಉರುಳೆ ಬಟ್ಟೆ ಹೊದ್ದು ಮಲಗಿದ್ದನ್ನು ನೋಡಿದ್ದು ಅವತ್ತೇ.

ಉರುಳೆ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಮೊಳದುದ್ದದ ಮರದ ದುಂಡು ಅದು. ಮೈಮೇಲೆ ಹಿತ್ತಾಳೆ ಪಟ್ಟಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೊಡೆದಿರುತ್ತಾರೆ. ಪಕ್ಕದಲ್ಲಿ ಸಾಲಾಗಿ ತಾಮ್ರದ ನಾಲಿಗೆಗಳು. ಸಣ್ಣದೊಂದು ಮೋಟಾರು ದುಂಡನ್ನು ತಿರುಗಿಸುತ್ತಾ ಹೋದಂತೆ ಯಾವ ನಾಲಿಗೆಗೆ ಪಟ್ಟಿ ತಾಗುತ್ತದೋ ಆ ಸಾಲಿನ ಬಲ್ಬುಗಳು ಹತ್ತುತ್ತವೆ, ಪಟ್ಟಿ ದಾಟಿದರೆ ಆರುತ್ತವೆ. ದೂರ ನಿಂತವರಿಗೆ ಬೆಳಕು ಓಡಿದ ಹಾಗೆ ಕಾಣುತ್ತದೆ. ಮದುವೆ ಮನೆಯ ಮುಂದೆ ನವಿಲು ಗರಿ ಬಿಚ್ಚುತ್ತಿದ್ದುದು, ಗಣಪತಿ ಪೆಂಡಾಲಿನ ಮೇಲೆ ಚಕ್ರ ತಿರುಗುತ್ತಿದ್ದುದು, ಹಿರಿಯೂರಿನ ಕಡೆ ಉರುಸು ನಡೆದರೆ ಕಮಾನಿನ ಮೇಲೆ ಚಂದ್ರ ಏರುತ್ತಿದ್ದುದು, ಎಲ್ಲವೂ ಈ ಒಂದು ಮರದ ತುಂಡಿನ ದೆಸೆಯಿಂದ. ತಿರುಗುವಾಗ ಅದು ಟಕಟಕ ಅನ್ನುತ್ತಿತ್ತು. ನಮಗೆ ಆ ಸದ್ದು ಕೇಳಿದರೇನೇ ಮದುವೆ ಶುರುವಾದಂತೆ.

ನವಿಲನ್ನು ಮಾಡುತ್ತಿದ್ದವನೂ ಮಾವನೇ. ಮತ್ತೋಡಿನ ಕಡೆಯಿಂದ ಬಿದಿರು ತರಿಸುತ್ತಿದ್ದ. ಕಾಗದದ ಮೇಲೆ ಬರೆಯುವುದು ಅವನಿಗೆ ಒಗ್ಗದು. ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಪುಡಿಯಲ್ಲೇ ಆಳೆತ್ತರದ ನವಿಲು ಬರೆಯುತ್ತಿದ್ದ. ಆ ಗೆರೆಯ ಮೇಲೆ ಬಿದಿರು ಬಗ್ಗಿಸಿ ಕಟ್ಟುವುದು, ಆಮೇಲೆ ನಾನು ಅತ್ತೆ ಕೂತು ಒಂದೊಂದೇ ಬಲ್ಬನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿ ಒಣಹಾಕುವುದು. ನವಿಲು ಅಂಗಳದಲ್ಲಿರುವಷ್ಟು ದಿನ ಮನೆಯವರೆಲ್ಲ ಗೋಡೆ ಬಳಸಿಕೊಂಡೇ ಓಡಾಡಬೇಕು. ನಾನೊಮ್ಮೆ ಓಡಿಬರುವ ಭರದಲ್ಲಿ ನವಿಲಿನ ಕುತ್ತಿಗೆ ತುಳಿದೆ. ಅಜ್ಜಿ ಬೆನ್ನಿಗೆ ಒಂದು ಕೊಟ್ಟಳು.

"ರಂಗೋಲಿ ತುಳಿತಾರೇನೇ? ಕಣ್ಣು ಎಲ್ಲಿಟ್ಟಿದ್ದೆ, ನೆತ್ತಿ ಮ್ಯಾಲ?"

ಆ ಏಟನ್ನು ನಾನು ಮರೆತುಬಿಟ್ಟೆ. ಮರೆತದ್ದರಿಂದಲೇ ಮುಂದಿನದೆಲ್ಲ ನಡೆಯಿತು.

ಸುರುಳಿ ಸುರುಳಿಯಾಗಿ ಎಲ್ಇಡಿ ಪಟ್ಟಿಗಳು ಅಂಗಡಿಗೆ ಬಂದ ಮೇಲೆ ಮಾವನನ್ನು ಕರೆಯುವವರು ಕಡಿಮೆಯಾದರು. ಹಿಂದೆ ಅಂಟು, ಮುಂದೆ ಬೆಳಕು. ಯಾರು ಬೇಕಾದರೂ ಗೋಡೆಗೆ ಅಂಟಿಸಿ ಹೋಗಬಹುದು. ಮೊದಮೊದಲು ಮಾವ ರೇಗಾಡಿದ. ಆಮೇಲೆ ಸುಮ್ಮನಾದ. ಅವನು ರೇಗಾಡಿದಾಗ ಹೆದರದ ಅತ್ತೆ, ಸುಮ್ಮನಾದಾಗ ಹೆದರಿದಳು. ಒಂದು ದಿನ ಹೊಳಲ್ಕೆರೆಗೆ, ನನ್ನ ಅಂಗಡಿಗೇ ಬಂದಳು. ಮಾರುಕಟ್ಟೆ ಯಾರ್ಡಿನ ಹತ್ತಿರ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನೇಲಿ ಫ್ಯೂಸ್ ಹೋದ್ರೂ ಎದ್ದು ನೋಡಲ್ಲ ಕಣೆ. ಪಕ್ಕದ ಬೀದಿಯಿಂದ ವೈರ್‌ಮನ್ ಕರೆಸ್ದೆ ನೆನ್ನೆ. ಇವ್ರು ಕುರ್ಚೀಲಿ ಕುಂತು ನೋಡ್ತಾ ಇದ್ರು, ಯಾರ ಮನೇದೋ ಅನ್ನಂಗೆ. ಈಗ ಉರುಳೇನೂ ಗುಜರಿಗೆ ಹಾಕ್ತೀನಿ ಅಂತಾರೆ. ಅದು ಮನೆ ಬಿಟ್ಟು ಹೋದ್ರೆ ಈ ಮನುಷ್ಯ ಇನ್ನ ಯಾವ ಕೆಲ್ಸಕ್ಕೂ ಕೈ ಹಾಕಲ್ಲ. ನಂಗೊತ್ತು. ಏನಾರ ಮಾಡೆ."

ಏನು ಮಾಡಲಿ? ಆಗ ನನ್ನ ತಲೆಯಲ್ಲಿ ಬೇರೊಂದು ಹುಳ ಕೊರೆಯುತ್ತಿತ್ತು. ಮಾವನಿಂದ ಅಂಟಿದ ಬೆಳಕಿನ ಹುಚ್ಚು ರಿಪೇರಿ ಅಂಗಡಿಯಲ್ಲಿ ಬಿಡುವಂಥದ್ದಲ್ಲ. ಚಪ್ಪಾಳೆ ತಟ್ಟಿದರೆ ಅರಳುವ ಹೂವೊಂದನ್ನು ಒಂದು ಶಾಲೆಗೆ ಮಾಡಿಕೊಟ್ಟಿದ್ದೆ. ಮೆಟ್ಟಿಲು ಹತ್ತಿದರೆ ಜೊತೆಗೆ ಹತ್ತಿ ಬರುವ ದೀಪದ ಸಾಲೊಂದನ್ನು ಕಟ್ಟಿದ್ದೆ. ಇಂಥದ್ದಕ್ಕೆ ದೊಡ್ಡ ಊರುಗಳಲ್ಲಿ ಬೆಳಕಿನ ಶಿಲ್ಪ, ಸ್ಪಂದಿಸುವ ಕಲೆ ಎಂದೆಲ್ಲ ಹೆಸರಿದೆಯಂತೆ. ನಮ್ಮತ್ತೆ ಅದಕ್ಕೆ "ಮುಟ್ಟಿದ್ರೆ ಉರಿಯೋದು" ಅನ್ನುತ್ತಾಳೆ. ಆ ಹೆಸರೇ ನನಗೂ ಹಿಡಿಸಿದೆ.

ತಲೆಯಲ್ಲಿದ್ದ ಹುಳ ಚಿತ್ರದುರ್ಗದ ಒಂದು ಶೆಡ್ಡಿನದು. ಹಾಸಿಗೆಯ ಹತ್ತಿ ಗಂಟುಗಟ್ಟಿದೆಯೆಂದು ಹಿಂಜಿಸಲು ಒಬ್ಬ ಸಾಹೇಬರ ಹತ್ತಿರ ಹೋಗಿದ್ದೆ. ತಲೆಮಾರುಗಳಿಂದ ಹತ್ತಿಯ ಕಸುಬು ಅವರದು. ಊರ ಸುತ್ತ ಹತ್ತಿ ಬೆಳೆಯುತ್ತಿದ್ದ ಕಾಲದಲ್ಲಿ ಬೀಜ ಬಿಡಿಸುವ ಮಿಲ್ಲಿತ್ತು. ಈಗ ಹೊಲಗಳಿಗೆಲ್ಲ ಮೆಕ್ಕೆಜೋಳ ಬಂದು, ಮುಂದಿನ ಕೋಣೆಯಲ್ಲಿ ಹಾಸಿಗೆ ದಿಂಬು ಹೊಲಿಯುತ್ತಾರೆ, ಹಿಂದಿನ ಉದ್ದನೆಯ ಶೆಡ್ಡು ಖಾಲಿ. ಕಿಟಕಿಯಿಲ್ಲದ ಆ ಶೆಡ್ಡಿಗೆ ಇಣುಕಿದರೆ ನಡುಹಗಲಿನಲ್ಲೂ ಗವ್ವೆನ್ನುವ ಕತ್ತಲೆ. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಹತ್ತಿಯ ನವಿರು ಎಳೆಗಳು ಅದರಲ್ಲಿ ತೇಲುತ್ತಿದ್ದವು. ನಾನು ಎರಡು ಹೆಜ್ಜೆ ಇಟ್ಟೆ. ಗಾಳಿ ಅಲುಗಿ ಎಳೆಗಳೆಲ್ಲ ನನ್ನ ಕಡೆ ಹೊರಳಿದವು. ಬೆಳಕೇ ಹೊರಳಿ ನೋಡಿದ ಹಾಗಾಯಿತು.

"ಚಾಚಾ, ಈ ಶೆಡ್ಡು ಮೂರು ವಾರ ನನಗೆ ಕೊಡ್ತೀರಾ?"

"ಏನ್ ಮಾಡ್ತಿ ಬೇಟಿ?"

"ಹತ್ತೀಲಿ ಮೋಡ ಮಾಡಿ ನೇತು ಹಾಕ್ತೀನಿ. ಜನ ಬಂದ್ರೆ ಅದು ಮಿಂಚತ್ತೆ."

ಅವರು ಸೂಜಿ ನಿಲ್ಲಿಸಿ ನನ್ನನ್ನು ನೋಡಿದರು. "ಮಳೆ ಮಾತ್ರ ತರಿಸ್ಬ್ಯಾಡ. ನೂರು ದಿಂಬು ಒಣಗಕ್ಕೆ ಹಾಕೀನಿ" ಎಂದು ಬೀಗದ ಕೈ ಕೊಟ್ಟರು.

ಆ ಶೆಡ್ಡಿಗೆ ಉರುಳೆ ಬೇಕೆಂದು ಮಾವನನ್ನು ಕೇಳಿದೆ. ನಿಜ ಹೇಳಬೇಕೆಂದರೆ ಬೇಕಿರಲಿಲ್ಲ. ಬೆಂಕಿಪೊಟ್ಟಣದಷ್ಟು ಸರ್ಕ್ಯೂಟು ಆ ಕೆಲಸವನ್ನೆಲ್ಲ ಮಾಡುತ್ತಿತ್ತು. ಗುಜರಿಯವನ ಕೈಯಿಂದ ನಾಲ್ಕು ದಿನ ತಪ್ಪಿಸೋಣ ಎಂಬುದಷ್ಟೇ ನನ್ನ ಲೆಕ್ಕ. ಮಾವ ಎಂಟು ದಿನದ ಮಾತು ಹೇಳಿ ಕೊಟ್ಟ. ಕೊಟ್ಟವನು ಮನೆಯಲ್ಲಿ ಉಳಿಯಲಿಲ್ಲ. "ಬಸ್ಸಲ್ಲಿ ಒಬ್ಳೇ ಎತ್ಕಂಡು ಹೋಗಿ ನಾಲಿಗೆ ಮುರಿದು ಹಾಕ್ತೀಯ. ನಡಿ, ಹೋಗಾಣ" ಎಂದು ಚಪ್ಪಲಿ ಮೆಟ್ಟಿದ. ಚಿತ್ರದುರ್ಗದಲ್ಲಿ ಅವನ ಷಡ್ಡಕನ ಮನೆಯಿತ್ತು, ಅಲ್ಲಿ ಇಳಿದುಕೊಂಡ. ಭಾನುವಾರ ಅದು. ಸೋಮವಾರ ಬೆಳಿಗ್ಗೆ ಶೆಡ್ಡು ತೆರೆಯುವುದಿತ್ತು.

ಅದಕ್ಕೆ ಮೊದಲೇ ನಾನು ಹದಿನೈದು ದಿನ ಕೆಲಸ ಮಾಡಿದ್ದೆ. ಬಿದಿರಿನ ಚೌಕಟ್ಟು ಮಾವ ಕಲಿಸಿದ ಹಾಗೇ ಕಟ್ಟಿದ್ದು. ಅದರಿಂದ ಚಾಚಾ ಹಿಂಜಿಕೊಟ್ಟ ಹತ್ತಿಯ ಉಂಡೆಗಳು ಮೇಲೆ ಕೆಳಗೆ ತೂಗುತ್ತಿದ್ದವು, ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಸಣ್ಣ ಎಲ್ಇಡಿ. ಹಳೇ ಬಲ್ಬಾಗಿದ್ದರೆ ಹತ್ತಿ ಹೊತ್ತಿ ಉರಿಯುತ್ತಿತ್ತು. ಇದು ತಣ್ಣನೆಯ ದೀಪ. ನೆಲದ ಮೇಲೆ ಅಲ್ಲಲ್ಲಿ ತೂಕ ಬಿದ್ದರೆ ತಿಳಿಯುವ ತೆಳು ಹಾಳೆಗಳನ್ನು ಹಾಸಿ ಮೇಲೆ ಕಪ್ಪು ಚಾಪೆ ಹೊದಿಸಿದ್ದೆ. ಚಾಪೆ ತುಳಿದರೆ ತಲೆಯ ಮೇಲಿನ ಮೋಡ ಬೆಳಗಬೇಕು. ಎಲ್ಲಿ ಕಾಲಿಡಬೇಕೆಂದು ಜನಕ್ಕೆ ತಿಳಿಯಲಿ, ನೋಡಲು ಚೆಂದವೂ ಇರಲಿ ಎಂದು ಚಾಪೆಯ ಮೇಲೆ ಬಿಳಿ ಬಣ್ಣದಲ್ಲಿ ಚುಕ್ಕಿಯಿಟ್ಟು, ಎಳೆ ಎಳೆದು, ಹೂ ಬರೆದೆ.

ನೀವು ಈಗಲೇ ನಗುತ್ತಿರಬಹುದು. ನನಗೆ ಹೊಳೆಯಲು ಮೂರು ದಿನ ಬೇಕಾಯಿತು.

ಉರುಳೆಯನ್ನು ಒರೆಸಿ, ಮೂಲೆಯ ಬೆಂಚಿನ ಮೇಲಿಟ್ಟು, ಮೇಲೊಂದು ದೀಪ ಬಿಟ್ಟಿದ್ದೆ. ಗೌರವಕ್ಕೆಂದೇ ಮಾಡಿದ್ದು. ಮಾವ ಬಂದವನೇ ಅದರ ಮುಂದೆ ನಿಂತ. ಹಿಂದೆ ವೈರು ಇದೆಯೇ ಎಂದು ಬಗ್ಗಿ ನೋಡಿದ. ಇರಲಿಲ್ಲ.

"ಏನಿದು, ಫೋಟೋ ಇಟ್ಟಂಗೆ ಇಟ್ಟೀಯ? ಒಂದು ಹಾರಾನೂ ಹಾಕ್ಬಿಡು" ಎಂದು ಹೋಗಿ ಗೋಡೆಗೊರಗಿ ಕೂತ. ನನ್ನ ಮುಖ ಸುಟ್ಟಂತಾಯಿತು. ಅಷ್ಟರಲ್ಲಿ ಜನ ಬಂದರು.

ಮೊದಲು ಬಂದವರು ಮದಕರಿಪುರದ ಐದಾರು ಹೆಂಗಸರು. ಮಾರುಕಟ್ಟೆಗೆ ಸೊಪ್ಪು ತಂದು ಮಾರಿ, ಖಾಲಿ ಪುಟ್ಟಿ ಹಿಡಿದು ಹೋಗುವ ದಾರಿಯಲ್ಲಿ ನಾನು ಅಂಟಿಸಿದ್ದ ಚೀಟಿ ನೋಡಿದ್ದರು. "ಒಳಗೆ ಬರ್ರಿ, ಬರ್ರಿ" ಅಂದೆ. ಬಾಗಿಲಾಚೆ ಚಪ್ಪಲಿ ಬಿಟ್ಟರು, ಪುಟ್ಟಿಗಳನ್ನು ಗೋಡೆಗೆ ಒರಗಿಸಿದರು. ಒಳಗೆ ಕಾಲಿಟ್ಟು ಮೇಲಿನ ಹತ್ತಿ ನೋಡಿ "ಅಯ್ಯ ಶಿವನೆ" ಅಂದರು. ಕೆಳಗೆ ನೋಡಿದರು. ಹಿರಿಯಾಕೆಯೊಬ್ಬಳು ಸೀರೆಯ ನೆರಿಗೆ ಎತ್ತಿ ಹಿಡಿದು ಹಿಂದಿದ್ದವರಿಗೆ "ಹುಷಾರು ಕಣ್ರೆ, ಗ್ವಾಡೆ ಮಗ್ಗುಲಿಂದ ಬರ್ರಿ" ಎಂದು ಹೇಳಿದಳು. ಎಲ್ಲರೂ ಸಾಲಾಗಿ, ಗೋಡೆಗೆ ಭುಜ ಸವರಿಕೊಂಡು, ಶೆಡ್ಡನ್ನು ಒಂದು ಸುತ್ತು ಹಾಕಿ ಬಾಗಿಲಿಗೆ ಬಂದರು. ಮೋಡದಲ್ಲಿ ಒಂದು ಎಳೆಯೂ ಬೆಳಗಲಿಲ್ಲ.

"ಭಾಳ ಚೆನ್ನಾಗೈತವ್ವ. ಹತ್ತಿ ಭಾಳ ಬೆಳ್ಳಗೈತೆ" ಎಂದು ಹಿರಿಯಾಕೆ ನನ್ನ ಬೆನ್ನು ಸವರಿ ಹೋದಳು.

ಆಮೇಲೆ ಬಂದವರೂ ಅಷ್ಟೇ. ಕಾಲೇಜಿನ ಹುಡುಗಿಯರು ಅಂಚಿನಲ್ಲೇ ನಿಂತು ಫೋಟೋ ತೆಗೆದುಕೊಂಡರು. ಬ್ಯಾಂಕಿನಿಂದ ಬಂದವರೊಬ್ಬರು ಕೈಕಟ್ಟಿ ನಿಂತು, ತಲೆಯಾಡಿಸಿ, ವಾಚು ನೋಡಿಕೊಂಡು ಹೋದರು. ನನಗೆ ಬಂದ ಯೋಚನೆ ಒಂದೇ: ವೈರು ಎಲ್ಲೋ ಬಿಟ್ಟಿದೆ. ಮಂಗಳವಾರ ಬೆಳಿಗ್ಗೆ ಚಾಪೆಯನ್ನೆಲ್ಲ ಎತ್ತಿದೆ. ನಾನು ಒತ್ತಿದರೆ ಮೋಡ ಬೆಳಗುತ್ತದೆ! ಮತ್ತೆ ಹಾಸಿದೆ. ಜನ ಬಂದರು, ಬೆಳಗಲಿಲ್ಲ. ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದೆ. ಬುಧವಾರ ಸರ್ಕ್ಯೂಟನ್ನೇ ಬದಲಿಸಿದೆ. ಮೊಣಕಾಲೂರಿ ಹರಿದಾಡಿ ಸೀರೆಯೆಲ್ಲ ಹತ್ತಿಮಯವಾಗಿ, ನಾನೇ ಒಂದು ದಿಂಬಿನ ಹಾಗೆ ಕಾಣುತ್ತಿದ್ದೆ. ಮಾವ ಮೂರು ದಿನವೂ ಅದೇ ಗೋಡೆಗೊರಗಿ ಕೂತು ನೋಡುತ್ತಿದ್ದ. ಮನೆಗೆ ಫ್ಯೂಸ್ ಹಾಕಲು ಬಂದವನನ್ನು ನೋಡಿದ್ದೂ ಹೀಗೆಯೇ ಇರಬೇಕೆಂದು ನನಗೆ ಅಳು ಬಂತು.

ಬುಧವಾರ ಮಧ್ಯಾಹ್ನ ಚಾಚಾ ನಮಗೆ ಚಹಾ ತಂದರು. ನಾನು ಚಾಪೆಯ ಕೆಳಗೆ ಅರ್ಧ ಹೊಕ್ಕಿದ್ದೆ. ಆಗ ಮಾವ ಬಾಯಿಬಿಟ್ಟ.

"ಏಳೇ ಮ್ಯಾಲೆ. ವೈರು ಸರಿಯಾಗೈತೆ."

"ಮತ್ತೆ ಯಾಕೆ ಉರಿತಿಲ್ಲ ಮಾವ?"

"ರಂಗೋಲಿ ಬರೆದು ತುಳೀರಿ ಅಂದ್ರೆ ಯಾರು ತುಳಿತಾರೆ? ಅಜ್ಜಿ ಬೆನ್ನಿಗೆ ಕೊಟ್ಟಿದ್ದು ಮರ್ತೋಯ್ತಾ?"

ನಾನು ಚಾಪೆಯ ಮೇಲೇ ಕುಸಿದು ಕೂತೆ. ತಲೆಯ ಮೇಲೆ ಮೋಡ ಝಗ್ಗೆಂದು ಬೆಳಗಿತು. ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನೂ ತುಳಿಲಿಲ್ಲ ನೋಡು ಬೇಟಿ! ಇಷ್ಟು ವರ್ಷ ನಿಮ್ಮೋರ ಮನೆಗೆ ದಿಂಬು ಹೊತ್ಕೊಂಡು ಹೋಗೀನಿ. ಬಾಗಿಲಲ್ಲಿ ರಂಗೋಲಿ ಇದ್ರೆ ಪಕ್ಕಕ್ಕೇ ಹೋಗೋದು. ಕಾಲಿಗೇ ಗೊತ್ತು ಅದು."

ನಗು ನಿಂತ ಮೇಲೆ ನನಗೆ ಸಿಟ್ಟು ಬಂತು. "ಸೋಮವಾರವೇ ಹೇಳಬಾರದಿತ್ತಾ ಮಾವ?"

"ನೀನು ಕೇಳಿದ್ಯಾ? ನನ್ನ ಒಂದು ಫೋಟೋ ಮಾಡಿ ಮೂಲೇಲಿ ಇಟ್ಟಿದ್ದೆ."

"ಈಗ ಕೇಳ್ತೀನಿ. ಏನು ಮಾಡಾಣ ಹೇಳು" ಎಂದೆ. ಅವನು ಚಹಾ ಮುಗಿಸಿ ಲೋಟ ಕೆಳಗಿಟ್ಟ. ಆಮೇಲೆ ಹೇಳಿದ ಮಾತುಗಳನ್ನು ನೆನಪಿದ್ದಷ್ಟು ಬರೆಯುತ್ತೇನೆ. ನವಿಲು ನಿಲ್ಲಿಸಿದ ಮೇಲೆ ಅವನು ಯಾವತ್ತೂ ಅದರ ಹತ್ತಿರ ನಿಲ್ಲುತ್ತಿರಲಿಲ್ಲವಂತೆ. ಎದುರಿನ ಚಹಾದಂಗಡಿಗೆ ಹೋಗಿ, ನವಿಲಿಗೆ ಬೆನ್ನು ಹಾಕಿ, ಜನದ ಮುಖ ನೋಡುತ್ತಾ ಕೂರುತ್ತಿದ್ದ. ಅವರ ಕತ್ತು ಎಲ್ಲಿ ಎತ್ತಿತು, ಎಲ್ಲಿ ಬೇಸರಗೊಂಡು ತಗ್ಗಿತು ಎಂದು ನೋಡಿ, ಮರುದಿನ ಒಂದು ಪಟ್ಟಿ ಕಿತ್ತು ಇನ್ನೊಂದು ಕಡೆ ಹೊಡೆಯುತ್ತಿದ್ದ.

"ಮೂರು ದಿನದಿಂದ ನೀನು ವೈರು ನೋಡಿದೆ. ನಾನು ಜನಾನ ನೋಡಿದೆ" ಎಂದು ಬಾಗಿಲ ಕಡೆ ಬೆರಳು ತೋರಿಸಿದ. "ಅಲ್ಲಿ ಒಂದು ಸಣ್ಣ ದೀಪ ಇಟ್ಟೀಯಲ್ಲ, ಯಾಕೆ?"

ಕತ್ತಲಲ್ಲಿ ಹೊಸ್ತಿಲು ಎಡವದಿರಲಿ ಎಂದು ಒಂದು ಸ್ಟೂಲಿನ ಮೇಲೆ ಗಾಜಿನ ಬುರುಡೆಯಲ್ಲಿ ಸಣ್ಣ ದೀಪವಿಟ್ಟಿದ್ದೆ. ಅದು ಕಲೆಯಲ್ಲ, ಬರೀ ದಾರಿದೀಪ.

"ಹೋಗೋ ಹೆಂಗಸ್ರು ಅದರ ಮ್ಯಾಲೆ ಎರಡು ಕೈ ಹಿಡಿದು ಕಣ್ಣಿಗೆ ಒತ್ಕಂಡು ಹೋದ್ರು, ಮಂಗಳಾರತಿ ತಗಂಡಂಗೆ. ಸೊಪ್ಪಿನ ಹೆಂಗಸ್ರು ಆರು ಜನಾನೂ ಹಂಗೇ ಮಾಡಿದ್ರು. ಈ ಸಾಬ್ರು ಏನ್ ಮಾಡಿದ್ರು ಗೊತ್ತಾ? ಬೆಳಿಗ್ಗೆ ಬಂದು ಅಲ್ಲಿ ಕೈ ಕಾಯಿಸ್ಕಂಡ್ರು."

"ಬಿಸಿ ಇಲ್ಲ ಯಜಮಾನ್ರೆ, ಆದ್ರೂ ಚಳೀಲಿ ದೀಪ ಕಂಡ್ರೆ ಕೈ ಹೋಗ್ತದೆ" ಎಂದರು ಚಾಚಾ, ಕಳ್ಳತನ ಸಿಕ್ಕಿಬಿದ್ದವರಂತೆ.

"ಅಷ್ಟೇ. ನಮ್ಮ ಜನಕ್ಕೆ ದೀಪ ಕಂಡ್ರೆ ಕೈ ಮುಂದಾಗುತ್ತೆ, ಕಾಲಲ್ಲ. ಆ ಸ್ಟೂಲನ್ನ ನಡುವಿಗೆ ತಾ."

ಚಾಪೆಗಳನ್ನು ಸುತ್ತಿ ಮೂಲೆಗೆ ಹಾಕಿದೆವು. ಕೈ ಹತ್ತಿರ ಬಂದರೆ ತಿಳಿಯುವ ಬಿಲ್ಲೆಯೊಂದು ನನ್ನ ಡಬ್ಬಿಯಲ್ಲಿತ್ತು. ಅದನ್ನು ಗಾಜಿನ ಬುರುಡೆಯ ಕೆಳಗೆ ಕೂರಿಸಿದೆ. ಅಲ್ಲಿಂದ ಬೆಳಕು ಮೇಲೇರಿ ಮೋಡಕ್ಕೆ ಹೋಗಬೇಕು, ಮೋಡದಲ್ಲಿ ಹರಡಬೇಕು. ನಾನು ಸರ್ಕ್ಯೂಟಿನಲ್ಲಿ ಹರಡಿಸಿ ತೋರಿಸಿದೆ. ಎಲ್ಲ ಉಂಡೆಗಳೂ ಸಾಲು ಸಾಲಾಗಿ ನಯವಾಗಿ ಹತ್ತಿ ಆರಿದವು. ಮಾವ ಮೂಗು ಮುರಿದ.

"ಕಸರತ್ತು ಮಾಡಿದಂಗೈತೆ. ಹೊಂಡಕ್ಕೆ ಕಲ್ಲು ಹಾಕಿದ್ರೆ ನೀರು ಹೆಂಗೆ ಹೋಗುತ್ತೆ? ನಡೂಕಿಂದ ದಡಕ್ಕೆ. ಮೊದ್ಲು ದಬಕ್ಕನೆ, ಆಮ್ಯಾಲೆ ನಿಧಾನ. ದಡ ಮುಟ್ಟೋ ಹೊತ್ತಿಗೆ ಇದ್ಯೋ ಇಲ್ವೋ ಅನ್ನಂಗೆ."

"ನನಗೆ ಹಂಗೆ ಬರಲ್ಲ ಮಾವ."

ಇದು ನಾನು ಅವನಿಗಾಗಿ ಕಟ್ಟಿ ಹೇಳಿದ ಮಾತಲ್ಲ. ನಿಜಕ್ಕೂ ಬರಲಿಲ್ಲ. ನಾನು ಎರಡು ಬಾರಿ ಬರೆದು ಅಳಿಸಿದೆ. ಆ ಹೊತ್ತಿಗೆ ಮೂಲೆಯಲ್ಲಿ ಏನೋ ಸದ್ದು. ಮಾವ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಉರುಳೆ ತೊಡೆಯ ಮೇಲಿತ್ತು. ಸ್ಕ್ರೂಡ್ರೈವರಿನಿಂದ ಹಳೇ ಪಟ್ಟಿಯೊಂದನ್ನು ಮೆಲ್ಲಗೆ ಎಬ್ಬಿಸುತ್ತಿದ್ದ.

"ಹುಣಸೆಹಣ್ಣು ತಾ" ಎಂದ, ತಲೆ ಎತ್ತದೆ. "ಕಿಲುಬು ಹಿಡಿದೈತೆ. ಹಂಗೇ ಒಂದು ಸಣ್ಣ ಸುತ್ತಿಗೆ. ಸಣ್ಣದು ಅಂದ್ರೆ ಸಣ್ಣದು, ನಿನ್ನ ಅಂಗಡೀದು ತರಬ್ಯಾಡ."

ಗುರುವಾರ, ಶುಕ್ರವಾರ, ಶನಿವಾರ ಶೆಡ್ಡಿನ ಬಾಗಿಲು ಹಾಕಿಯೇ ಇತ್ತು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ ಹಿತ್ತಾಳೆ ಹೊಸದರಂತೆ ಹೊಳೆಯಿತು. ಅವನು ಮರದ ಮೇಲೆ ಸೀಸದ ಕಡ್ಡಿಯಲ್ಲಿ ಗೆರೆ ಹಾಕಲಿಲ್ಲ; ಚಾಚಾರ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದೊಳಗೊಂದು ವೃತ್ತ ಬರೆದು, ಅದನ್ನು ನೋಡಿಕೊಂಡು ಪಟ್ಟಿ ಕತ್ತರಿಸಿದ. ನಡುವಿನ ಸಾಲಿಗೆ ಅಗಲವಾದ ಪಟ್ಟಿ, ದಡದ ಸಾಲಿಗೆ ಉಗುರಿನಷ್ಟು ಸಣ್ಣದು. ಬೆಳಕು ಕೊನೆಯಲ್ಲಿ ಇದೆಯೋ ಇಲ್ಲವೋ ಅನಿಸಬೇಕಲ್ಲ, ಅದಕ್ಕೆ. ಎರಡು ಪಟ್ಟಿ ತಪ್ಪಿ ಹೋದವು, ಕಿತ್ತ. ಸಣ್ಣ ಪಟ್ಟಿ ಹೊಡೆಯುವಾಗ ಚಾಚಾ ಕೂತು ಮೊಳೆ ಹಿಡಿದುಕೊಡುತ್ತಿದ್ದರು. ದಿಂಬಿನ ಸೂಜಿ ಹಿಡಿದ ಬೆರಳು, ಅಲುಗುವುದಿಲ್ಲ. ಬಿಲ್ಲೆಯಿಂದ ಉರುಳೆಯ ಮೋಟಾರಿಗೆ, ನಾಲಿಗೆಗಳಿಂದ ಮೋಡಕ್ಕೆ ವೈರು ಎಳೆದ ಮೇಲೆ ನನಗೆ ಬೈಗುಳ ತಿನ್ನುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. "ಹಿಡಿ ಇಲ್ಲಿ. ಅಲ್ಲಲ್ಲ, ಇಲ್ಲಿ. ಕೈಯೋ ಕಟ್ಟಿಗೆನೋ ನಿಂದು? ಕಲಿಸ್ದೋನಿಗೆ ಬಡೀಬೇಕು." ಕಲಿಸಿದವನು ಅವನೇ ಎಂಬುದು ಅವನಿಗೆ ನೆನಪಿರಲಿಲ್ಲವೋ ಏನೋ.

ಶುಕ್ರವಾರ ಹೊಸದುರ್ಗಕ್ಕೆ ಫೋನ್ ಮಾಡಿದೆ.

"ಅತ್ತೆ, ಮಾವ ಬೆಳಿಗ್ಗೆಯಿಂದ ಒಂದೇ ಸಮ ಬೈತಾ ಅವ್ನೆ."

"ಬೈತಾ ಅವ್ರಾ?" ಎಂದಳು. "ಊಟ ಮಾಡಿದ್ರಾ?"

"ಎರಡು ರೊಟ್ಟಿ ಜಾಸ್ತೀನೆ ತಿಂದ."

"ಹಂಗಾದ್ರೆ ಬೈಸ್ಕ" ಎಂದು ಫೋನ್ ಇಟ್ಟಳು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದೆವು. ನಾನು ದೀಪದ ಹತ್ತಿರ ನಿಲ್ಲಲಿಲ್ಲ. ಮಾವ, ಚಾಚಾ, ನಾನು, ಮೂವರೂ ಸ್ಟೂಲಿನ ಆಚೆ ಬದಿಗೆ, ಮೋಡಕ್ಕೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂತೆವು. ಮದಕರಿಪುರದ ಹಿರಿಯಾಕೆ ಬಂದಳು, ಈ ಸಲ ಸೊಸೆಯನ್ನೂ ಕರೆತಂದಿದ್ದಳು. ಚಪ್ಪಲಿ ಬಿಟ್ಟು ಒಳಬಂದು ನೆಲ ನೋಡಿದಳು.

"ರಂಗೋಲಿ ಅಳಿಸ್ಬಿಟ್ಯೇನವ್ವ? ಪಾಪ, ಅಷ್ಟು ಚೆಂದ ಬರೆದಿದ್ದೆ."

"ಹೌದಮ್ಮ. ತಪ್ಪು ಜಾಗದಲ್ಲಿ ಬರೆದಿದ್ದೆ" ಎಂದೆ.

ಆಕೆ ನಡುವಿನ ಸ್ಟೂಲಿನ ತನಕ ನೆಟ್ಟಗೆ ನಡೆದಳು. ಪುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು, ಎರಡೂ ಅಂಗೈಯನ್ನು ದೀಪದ ಮೇಲೆ ಹಿಡಿದಳು. ನಮ್ಮ ಬೆನ್ನ ಹಿಂದೆ ಟಕ್ ಎಂದಿತು. ಟಕ್, ಟಕ್, ಟಕ್. ಉರುಳೆ ತಿರುಗಿತು. ಆಕೆಯ ಮುಖದ ಮೇಲೆ ಬೆಳ್ಳನೆಯದು ದಬಕ್ಕನೆ ಬಂದು, ಸೊಸೆಯ ಮುಖಕ್ಕೆ ಹೋಗಿ, ಗೋಡೆಯ ಗಾರೆ ಮುಟ್ಟಿ, ಮೆಲ್ಲಗೆ ಸಣ್ಣದಾಯಿತು. ಆಕೆ ಹಾವು ಕಂಡವಳಂತೆ ಕೈ ಹಿಂದೆಗೆದುಕೊಂಡಳು.

"ಏನವ್ವ ಇದು! ನಾನೇನೂ ಮಾಡ್ಲಿಲ್ಲಪ್ಪ."

"ನೀನೇ ಕಣತ್ತೆ ಮಾಡಿದ್ದು" ಎಂದು ಸೊಸೆ ನಕ್ಕಳು. "ಇನ್ನೊಂದ್ಸಲ ಹಿಡಿ."

ಇನ್ನೊಂದು ಸಲ ಹಿಡಿದಳು. ಆಮೇಲೆ ಸೊಸೆ. ಆಮೇಲೆ ಇಬ್ಬರೂ ಒಟ್ಟಿಗೆ. ಪ್ರತಿ ಸಲವೂ ಕಣ್ಣಿಗೆ ಒತ್ತಿಕೊಳ್ಳುವುದನ್ನು ಮರೆಯಲಿಲ್ಲ. ಮಾವ ತಿರುಗಿ ಮೋಡ ನೋಡಲಿಲ್ಲ. ಆಕೆಯ ಕತ್ತನ್ನು ನೋಡುತ್ತಿದ್ದ. ಅದು ಕೊನೆಯವರೆಗೂ ಎತ್ತಿಯೇ ಇತ್ತು.

"ಮೂರನೇ ಪಟ್ಟಿ ಕೂದಲಷ್ಟು ಮುಂಚೆ ಬತ್ತಾ ಐತೆ" ಎಂದ ನನ್ನ ಕಿವಿಯಲ್ಲಿ. "ನಾಳೆ ಸರಿ ಮಾಡ್ಬೇಕು."

ನಾಳೆ ಎಂದರೆ ಸೋಮವಾರ. ಭಾನುವಾರಕ್ಕೆ ಎಲ್ಲ ಬಿಚ್ಚಬೇಕೆಂದು ಮಾತಾಗಿತ್ತು. ಸಂಜೆ ಬೀಗದ ಕೈ ಹಿಂದಿರುಗಿಸಲು ಹೋದೆ. ಚಾಚಾ ದಿಂಬಿಗೆ ಹೊಲಿಗೆ ಹಾಕುತ್ತಿದ್ದರು, ಕೈ ಚಾಚಲಿಲ್ಲ. "ಹತ್ತಿ ನಂದು ಬೇಟಿ. ನಂದು ಅಲ್ಲೇ ಇರ್ಲಿ. ನಿಂದು ನೀನು ತಗೊಂಡು ಹೋಗಂಗಿದ್ರೆ ಬಿಡಿಸ್ಕೊಂಡು ಹೋಗು ನೋಡಾಣ" ಎಂದರು. ಹತ್ತಿಯಿಂದ ದೀಪ ಬಿಡಿಸುವುದು ಎಷ್ಟು ಕಷ್ಟವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಹೊಳಲ್ಕೆರೆಯಿಂದ ಮೊದಲ ಬಸ್ಸು ಹಿಡಿದು ಬಂದೆ. ನನಗಿಂತ ಮೊದಲೇ ಮಾವ ಬಂದು ಕೂತಿದ್ದ. ಉರುಳೆ ತೊಡೆಯ ಮೇಲಿತ್ತು, ಬಾಯಲ್ಲಿ ನಾಲ್ಕು ಮೊಳೆ, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೂರನೇ ಪಟ್ಟಿ. ಪಕ್ಕದಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. "ಎತ್ತು" ಎಂದು ಹುಬ್ಬಿನಲ್ಲಿ ಸನ್ನೆ ಮಾಡಿದ. ಎತ್ತಿ ಅವನ ಕಿವಿಗೆ ಹಿಡಿದೆ. ಅತ್ತೆಯ ದನಿ ನನಗೂ ಕೇಳಿಸುತ್ತಿತ್ತು.

"ಗುಜರಿಯವನು ಬಂದು ಬಾಗಿಲಲ್ಲಿ ನಿಂತವ್ನೆ. ನೀವೇ ಬರಕ್ಕೆ ಹೇಳಿದ್ರಂತೆ. ಏನ್ ಹೇಳ್ಲಿ?"

ಮಾವ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗಿದುಕೊಂಡ.

"ಹಳೇ ಪೇಪರ್ ಅವೆ, ಅವನ್ನ ಕೊಟ್ಟು ಕಳ್ಸು" ಎಂದ. "ಹಂಗೇ ಮುರಿದ ಕುರ್ಚಿ ಐತಲ್ಲ ಜಗಲೀಲಿ, ನಾನು ದಿನಾ ಕೂರೋದು. ಅದನ್ನೂ ಕೊಡು."